ಅಪ್‌ಡೇಟ್: ಜಿಸಿಸಿ 15ರಲ್ಲಿ ನಿಂತುಹೋಗಿದ್ದ ಪ್ಯಾಕೇಜ್ ಬಿಲ್ಡ್ ಆಯ್ತು

ಹಳೆಯ ಸಿ ಪ್ರೋಗ್ರಾಂ ಒಂದನ್ನು ಸೋರ್ಸ್‌ನಿಂದ ಪ್ಯಾಕೇಜ್ ಮಾಡುತ್ತಿದ್ದೇನೆ, ಜಿಸಿಸಿ ಕಂಪೈಲರ್‌ನ (ಸೋರ್ಸ್ ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಸಾಧನ) 14ನೇ ಆವೃತ್ತಿಯಲ್ಲಿ ಸರಿ ಇದೆ, 15ರಲ್ಲಿ ರಾಶಿ ಎರರ್ ಬರುತ್ತಿದೆ ಎಂದು ಕೇಳಿದ್ದೆ. ಕಾರಣ ಸಿಕ್ಕಿತು.

ಕೋಡ್ ಸಿ ಭಾಷೆಯ ಯಾವ ಸ್ಟ್ಯಾಂಡರ್ಡ್‌ನದು (ನಿಯಮಗಳ ಆವೃತ್ತಿ) ಎಂದು ಹೇಳದಿದ್ದರೆ ಜಿಸಿಸಿ 15 ಅದನ್ನು ಸಿ23 ಎಂದೇ ಓದುತ್ತದೆ. 14ರಲ್ಲಿ ಅದು ಸಿ17 ಆಗಿತ್ತು. ಸಿ23ರಲ್ಲಿ 'ಬೂಲ್' ಕೀವರ್ಡ್, ಅಂದರೆ ಭಾಷೆಯೇ ಕಾಯ್ದಿರಿಸಿದ ಪದ. ನಮ್ಮ ಹೆಡರ್ ಫೈಲಿನಲ್ಲಿ ಅದನ್ನೇ ಟೈಪ್‌ಡೆಫ್ ಮಾಡಿದ್ದರು, ಅಂದರೆ ತಮ್ಮದೇ ಟೈಪ್‌ಗೆ ಆ ಹೆಸರು ಇಟ್ಟಿದ್ದರು. ಇದಕ್ಕಿಂತ ಜಾಸ್ತಿ ಕಾಡಿದ್ದು ಫಂಕ್ಷನ್ ಹೆಸರಿನ ಮುಂದಿನ ಖಾಲಿ ಬ್ರಾಕೆಟ್. ಮೊದಲು ಅದಕ್ಕೆ 'ಆರ್ಗ್ಯುಮೆಂಟ್ ಏನೆಂದು ಹೇಳಿಲ್ಲ' ಎಂದರ್ಥ, ಈಗ 'ಒಂದೂ ಇಲ್ಲ'. ಕಾಲ್‌ಬ್ಯಾಕ್‌ಗಳೆಲ್ಲ (ಆಮೇಲೆ ಕರೆಯಲೆಂದು ಬೇರೆ ಫಂಕ್ಷನ್‌ಗೆ ಕೊಡುವ ಫಂಕ್ಷನ್‌ಗಳು) ಅಲ್ಲೇ ಮುರಿದಿದ್ದವು.

ಸದ್ಯಕ್ಕೆ ಸಿಫ್ಲ್ಯಾಗ್ಸ್‌ನಲ್ಲಿ (ಕಂಪೈಲರ್‌ಗೆ ಕೊಡುವ ಆಯ್ಕೆಗಳು) ಜಿಎನ್‌ಯು17, ಅಂದರೆ ಹಳೆಯ ಸಿ17 ಪ್ರಕಾರವೇ ಓದು ಎಂದು ಹಾಕಿದೆ, ಬಿಲ್ಡ್ ಆಯ್ತು. ಆದರೆ ಅದು ತೇಪೆ ಅಲ್ವಾ? ಪ್ರೊಟೊಟೈಪ್‌ಗಳನ್ನು (ಫಂಕ್ಷನ್‌ನ ಆರ್ಗ್ಯುಮೆಂಟ್‌ಗಳನ್ನು ಹೇಳುವ ಘೋಷಣೆ) ಒಂದೊಂದಾಗಿ ಸರಿಪಡಿಸಿ ಮೂಲ ಪ್ರಾಜೆಕ್ಟ್‌ಗೆ ಪ್ಯಾಚ್ ಕಳಿಸಿದ್ದೇನೆ.

'ಕೊನೆಯದಲ್ಲ, ಮೊದಲ ಎರರ್ ಓದಿ' ಎಂದವರಿಗೆ ತುಂಬಾ ಥ್ಯಾಂಕ್ಸ್.