ಒಂದೇ 512 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 11, ಉಬುಂಟು, ಫೆಡೋರಾ: ಜಾಗ ಹಂಚೋದು ಹೇಗೆ?

ಮೂರುಬೂಟು:
ಲ್ಯಾಪ್‌ಟಾಪ್‌ನಲ್ಲಿರೋದು 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್. ವಿಂಡೋಸ್ 11 ಹೋಮ್ ಮೊದಲೇ ಹಾಕಿ ಬಂದಿದೆ, ಅದನ್ನು ತೆಗೆಯೋ ಹಾಗಿಲ್ಲ, ಟ್ಯಾಲಿ ಅದರಲ್ಲೇ ಓಡಬೇಕು. ಜೊತೆಗೆ ಉಬುಂಟು, ಫೆಡೋರಾ ಎರಡೂ ಬೇಕು. ಸಿ ಡ್ರೈವ್ 474 ಜಿಬಿ ಇದೆ, ಅದರಲ್ಲಿ 380 ಖಾಲಿ. ಆದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಶ್ರಿಂಕ್ ಒತ್ತಿದರೆ 190ಕ್ಕಿಂತ ಹೆಚ್ಚು ಬಿಡ್ತಾ ಇಲ್ಲ. ಯಾಕೆ? ಬೂಟ್ ಫೈಲ್‌ಗಳು ಕೂರೋ ಇಎಸ್‌ಪಿ ಪಾರ್ಟಿಷನ್ 260 ಎಂಬಿ ಇದೆ, ಮೂರಕ್ಕೂ ಅದೊಂದೇ ಸಾಕಾ? ಎರಡು ಲಿನಕ್ಸಿಗೂ ಒಂದೇ ಹೋಮ್ ಪಾರ್ಟಿಷನ್ ಕೊಡಬಹುದಾ?

ಡಿಸ್ಕ್‌ಪಂಡಿತ:
ಶ್ರಿಂಕ್ ನಿಲ್ಲೋದು ಖಾಲಿ ಜಾಗ ಇಲ್ಲ ಅಂತ ಅಲ್ಲ, ಮಧ್ಯದಲ್ಲಿ ಜರುಗಿಸಲಾಗದ ಫೈಲ್ ಕೂತಿದೆ ಅಂತ. ಪೇಜ್‌ಫೈಲ್, ಹೈಬರ್ನೇಷನ್ ಫೈಲ್, ಸಿಸ್ಟಮ್ ರೆಸ್ಟೋರ್ ಡೇಟಾ, ಎಂಎಫ್‌ಟಿ (ಡ್ರೈವಿನ ಫೈಲ್‌ಗಳ ಪಟ್ಟಿ), ಇವುಗಳಲ್ಲಿ ಯಾವುದೋ ಒಂದು. ಯಾವುದು ಅಂತ ಊಹಿಸಬೇಕಿಲ್ಲ. ಶ್ರಿಂಕ್ ಪ್ರಯತ್ನಿಸಿದ ಮೇಲೆ ಈವೆಂಟ್ ವ್ಯೂವರ್‌ನ ಅಪ್ಲಿಕೇಷನ್ ಲಾಗ್‌ನಲ್ಲಿ 259 ನಂಬರಿನ ಎಂಟ್ರಿ ತೆಗೆದು ನೋಡಿ, ಅಡ್ಡ ನಿಂತ ಫೈಲಿನ ಹೆಸರು ಅಲ್ಲೇ ಇರುತ್ತೆ.

ಮೊದಲು ಒಂದು ಎಚ್ಚರಿಕೆ. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಡ್ರೈವಿಗೆ ಬೀಗ ಹಾಕೋ ಬಿಟ್‌ಲಾಕರ್ ಹೋಮ್ ಎಡಿಷನ್‌ನಲ್ಲಿ ಈ ಹೆಸರಲ್ಲಿ ಇರುತ್ತೆ, ಎಷ್ಟೋ ಜನಕ್ಕೆ ಅದು ಆನ್ ಇರೋದೇ ಗೊತ್ತಿರಲ್ಲ. ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಮೈಕ್ರೋಸಾಫ್ಟ್ ಅಕೌಂಟಿನಿಂದ ತೆಗೆದು ಕಾಗದದ ಮೇಲೆ ಬರೆದಿಡಿ. ಬರೆದದ್ದನ್ನು ಅದೇ ಲ್ಯಾಪ್‌ಟಾಪಿನೊಳಗೆ ಉಳಿಸಿಟ್ಟು ಪ್ರಯೋಜನವಿಲ್ಲ.

ಆಮೇಲೆ ಅಡ್ಮಿನ್ ಟರ್ಮಿನಲ್‌ನಲ್ಲಿ ಪವರ್‌ಸಿಎಫ್‌ಜಿ ಕಮಾಂಡಿನಿಂದ ಹೈಬರ್ನೇಷನ್ ಆಫ್ ಮಾಡಿ. ಇದರ ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತೆ. ಹೋಗಲೇಬೇಕು, ಯಾಕಂದ್ರೆ ಅದಿದ್ದರೆ ಶಟ್‌ಡೌನ್ ಮಾಡಿದರೂ ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್ ಸಿಸ್ಟಮ್) ಅರ್ಧ ತೆರೆದೇ ಇರುತ್ತೆ. ಲಿನಕ್ಸ್ ಅದನ್ನು ಓದೋಕಷ್ಟೇ ತೆರೆಯುತ್ತೆ, ಇಲ್ಲಾ ತೆರೆಯೋದೇ ಇಲ್ಲ. ಪೇಜ್‌ಫೈಲ್ ಮತ್ತು ಸಿಸ್ಟಮ್ ಪ್ರೊಟೆಕ್ಷನ್ ತಾತ್ಕಾಲಿಕವಾಗಿ ಆಫ್ ಮಾಡಿ ರೀಸ್ಟಾರ್ಟ್ ಮಾಡಿ. ಹಳೆಯ ರೆಸ್ಟೋರ್ ಪಾಯಿಂಟ್‌ಗಳು ಅಳಿಸಿಹೋಗುತ್ತವೆ, ತಲೆಕೆಡಿಸಿಕೊಳ್ಳಬೇಡಿ. ಈಗ ಶ್ರಿಂಕ್ ಬಾಕ್ಸಿನಲ್ಲಿ 281600 ಹಾಕಿ, ಅಂದರೆ 275 ಜಿಬಿ. ಮುಗಿದ ಮೇಲೆ ಪೇಜ್‌ಫೈಲ್ ವಾಪಸ್ ಆನ್ ಮಾಡೋದು ಮರೀಬೇಡಿ.

ಎಂಎಫ್‌ಟಿಯೇ ಅಡ್ಡ ನಿಂತಿದ್ದರೆ ಲೈವ್ ಯುಎಸ್‌ಬಿಯಿಂದ ಪಾರ್ಟಿಷನ್ ತಿದ್ದೋ ಜಿಪಾರ್ಟೆಡ್ ಬಳಸಿ. ಆದರೆ ಎನ್‌ಕ್ರಿಪ್ಷನ್ ಪೂರ್ತಿ ತೆಗೆಯದೆ ಜಿಪಾರ್ಟೆಡ್ ಆ ಡ್ರೈವ್ ಕುಗ್ಗಿಸಲ್ಲ.

ಗ್ರಬ್‌ಬೇಡ:
ಮುಂದಿನದ್ದು ನಾನು ಹೇಳ್ತೀನಿ. ಇಎಸ್‌ಪಿ ಒಂದೇ ಸಾಕು. ವಿಂಡೋಸ್, ಉಬುಂಟು, ಫೆಡೋರಾ ಅದರೊಳಗೆ ತಂತಮ್ಮ ಫೋಲ್ಡರ್ ಮಾಡಿಕೊಳ್ಳುತ್ತವೆ. ಲಿನಕ್ಸಿನ ಕರ್ನಲ್‌ಗಳು ಬೂಟ್ ಡೈರೆಕ್ಟರಿಯಲ್ಲಿ ಇರೋದರಿಂದ ಇಎಸ್‌ಪಿಗೆ ಬೀಳೋದು ಕೆಲವೇ ಎಂಬಿ. ಉಬುಂಟು ಜೊತೆ ಲಿನಕ್ಸ್ ಮಿಂಟ್ ಹಾಕಿದರೆ ಮಾತ್ರ ತೊಂದರೆ, ಮಿಂಟ್ ಕೂಡ ಉಬುಂಟು ಅನ್ನೋ ಫೋಲ್ಡರಿಗೇ ಬರೆದು ಮೊದಲಿನದ್ದನ್ನು ಅಳಿಸುತ್ತೆ. ನಿಮಗೆ ಆ ಗೋಜಿಲ್ಲ.

275ರಲ್ಲಿ ಉಬುಂಟು ರೂಟ್ 70 ಜಿಬಿ ಎಕ್ಸ್‌ಟಿ4. ಫೆಡೋರಾಕ್ಕೆ ಬೂಟ್ 1 ಜಿಬಿ ಎಕ್ಸ್‌ಟಿ4, ರೂಟ್ 70 ಜಿಬಿ ಬಿಟಿಆರ್‌ಎಫ್‌ಎಸ್. ಉಳಿದದ್ದಷ್ಟೂ ಡೇಟಾಕ್ಕೆ ಎನ್‌ಟಿಎಫ್‌ಎಸ್, ಮೂರೂ ಕಡೆಯಿಂದ ಓದಿ ಬರೆಯಬಹುದು. ರ‍್ಯಾಮ್ ತುಂಬಿದಾಗ ಬಳಸೋ ಸ್ವಾಪ್‌ಗೆ ಬೇರೆ ಪಾರ್ಟಿಷನ್ ಬೇಡ: ಉಬುಂಟು ಸ್ವಾಪ್ ಫೈಲ್ ಮಾಡಿಕೊಳ್ಳುತ್ತೆ, ಫೆಡೋರಾ ಝಡ್‌ರ‍್ಯಾಮ್ (ರ‍್ಯಾಮಿನಲ್ಲೇ ಒತ್ತಿಟ್ಟ ಸ್ವಾಪ್) ಬಳಸುತ್ತೆ. ಹೋಮ್ ಹಂಚಬೇಡಿ. ಎರಡರ ಗ್ನೋಮ್ (ಡೆಸ್ಕ್‌ಟಾಪ್) ಆವೃತ್ತಿ ಬೇರೆ ಬೇರೆ, ಒಂದು ಬರೆದ ಸೆಟ್ಟಿಂಗ್ ಇನ್ನೊಂದಕ್ಕೆ ಅರ್ಥ ಆಗಲ್ಲ. ಫೆಡೋರಾದ ಭದ್ರತಾ ವ್ಯವಸ್ಥೆ ಎಸ್‌ಇಲಿನಕ್ಸ್ ಫೈಲ್‌ಗಳಿಗೆ ಹಾಕೋ ಲೇಬಲ್‌ನ ತಕರಾರು ಬೇರೆ.

ಇನ್‌ಸ್ಟಾಲ್ ಮಾಡುವಾಗ ಎರಡರಲ್ಲೂ ಮ್ಯಾನ್ಯುಯಲ್ ಆಯ್ಕೆ ತಗೊಳ್ಳಿ. ಇಎಸ್‌ಪಿಯನ್ನು ಬೂಟ್‌ನೊಳಗಿನ ಇಎಫ್‌ಐಗೆ ಮೌಂಟ್ ಮಾಡಿ, ಅದರ ಎದುರಿನ ಫಾರ್ಮ್ಯಾಟ್ ಟಿಕ್ ತೆಗೆದಿದೆಯಾ ಅಂತ ಎರಡು ಸಲ ನೋಡಿ. ಆ ಒಂದು ಟಿಕ್ ಉಳಿದರೆ ವಿಂಡೋಸ್ ಬೂಟ್ ಫೈಲ್‌ಗಳಿಗೆ ಎಳ್ಳುನೀರು.

ಇನ್ನು ಬೂಟ್ ಮೆನು. ಒಂದೇ ಗ್ರಬ್‌ನಿಂದ (ಲಿನಕ್ಸಿನ ಬೂಟ್ ಲೋಡರ್) ಮೂರನ್ನೂ ಎಬ್ಬಿಸೋ ಆಸೆ ಬಿಡಿ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಸಹಿ ಸರಿಯಿರೋ ಕರ್ನಲ್ ಮಾತ್ರ ಓಡುತ್ತೆ, ಆದರೆ ಸಹಿ ನೋಡೋ ಫೆಡೋರಾದ ಶಿಮ್‌ನಲ್ಲಿ ಉಬುಂಟು ಕಂಪನಿ ಕ್ಯಾನೋನಿಕಲ್‌ನ ಕೀ ಇರಲ್ಲ. ಮೆನುವಿನಲ್ಲಿ ಉಬುಂಟು ಕಾಣಿಸುತ್ತೆ, ಒತ್ತಿದರೆ ‘ಬ್ಯಾಡ್ ಶಿಮ್ ಸಿಗ್ನೇಚರ್’ ಅಂತ ನಿಲ್ಲುತ್ತೆ. ಸೆಕ್ಯೂರ್ ಬೂಟ್ ಆಫ್ ಮಾಡಿದರೂ ಇನ್ನೊಂದು ಕಾಟ ಇದ್ದೇ ಇದೆ. ಫೆಡೋರಾದ ಮೆನು ಉಬುಂಟುವಿನ ಕರ್ನಲ್ ನಂಬರ್ ಬರೆದಿಟ್ಟುಕೊಂಡಿರುತ್ತೆ. ಉಬುಂಟು ಅಪ್‌ಡೇಟ್ ಆಗಿ ಹಳೆ ಕರ್ನಲ್ ಅಳಿಸಿದ ದಿನ ಆ ಎಂಟ್ರಿ ಸತ್ತಂತೆ. ಅದಕ್ಕೇ ಲ್ಯಾಪ್‌ಟಾಪಿನ ಯುಇಎಫ್‌ಐ ಬೂಟ್ ಮೆನುವಿನಿಂದ ಆರಿಸಿ. ಕೀ ಕಂಪನಿಗೊಂದು, ಎಫ್12 ಅಥವಾ ಎಫ್9 ಇರಬಹುದು. ಹೀಗೆ ಹೋದರೆ ಬಿಟ್‌ಲಾಕರ್ ಕೂಡ ಸುಮ್ಮನಿರುತ್ತೆ. ಗ್ರಬ್ ಮೂಲಕ ವಿಂಡೋಸಿಗೆ ಹೋದರೆ ಟಿಪಿಎಂ (ಭದ್ರತಾ ಚಿಪ್) ದಾಖಲಿಸೋ ಬೂಟ್ ಅಳತೆ ಬದಲಾಗಿ ಆ 48 ಅಂಕಿ ಕೇಳಬಹುದು.

ಡಿಸ್ಕ್‌ಪಂಡಿತ:
ಗ್ರಬ್‌ಬೇಡ ಹೇಳಿದ್ದು ಸರಿ, ಆದರೆ ಪ್ರತಿ ಸಲ ಎಫ್12 ಒತ್ತೋದು ಬೇಸರದ ಕೆಲಸ. ದಿನಾ ಬಳಸೋದನ್ನು ಲಿನಕ್ಸಿನ ಎಫಿಬೂಟ್‌ಎಂಜಿಆರ್ ಕಮಾಂಡಿನಿಂದ ಮೊದಲನೇ ಸ್ಥಾನಕ್ಕೆ ತನ್ನಿ, ಕೀ ಒತ್ತೋದು ಉಳಿದೆರಡಕ್ಕೆ ಮಾತ್ರ.

ಗಡಿಯಾರದ ವಿಷಯ ಯಾರೂ ಹೇಳಿಲ್ಲ. ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ ಸಮಯ ಐದೂವರೆ ಗಂಟೆ ಹಿಂದೆ ಕಂಡರೆ ಬ್ಯಾಟರಿ ಹೋಗಿಲ್ಲ. ಹಾರ್ಡ್‌ವೇರ್ ಗಡಿಯಾರವನ್ನು ಲಿನಕ್ಸ್ ಯುಟಿಸಿ ಅಂತ ಓದುತ್ತೆ, ವಿಂಡೋಸ್ ಸ್ಥಳೀಯ ಸಮಯ ಅಂತ ಓದುತ್ತೆ. ವಿಂಡೋಸ್ ರಿಜಿಸ್ಟ್ರಿಯ ಟೈಮ್‌ಝೋನ್‌ಇನ್‌ಫರ್ಮೇಷನ್‌ನಲ್ಲಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಹೆಸರಿನ ಡಿವರ್ಡ್ ಮಾಡಿ 1 ಕೊಡಿ. ಒಂದೇ ಕಡೆ ಬದಲಾಯಿಸಿದರೆ ಆಯ್ತು, ಎರಡು ಲಿನಕ್ಸನ್ನೂ ಮುಟ್ಟಬೇಕಿಲ್ಲ.

ಮೂರುಬೂಟು:
ಮೂರೂ ಬಂತು, ಇಬ್ಬರಿಗೂ ಧನ್ಯವಾದ. 259ರಲ್ಲಿ ಪೇಜ್‌ಫೈಲ್ ಹೆಸರಿತ್ತು, ಆಫ್ ಮಾಡಿದ ಮೇಲೆ ಶ್ರಿಂಕ್ ಆಯ್ತು. ಈಗ ಉಬುಂಟು ಆನ್ ಆಗುವಾಗ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಅಂತ ಒಂದೂವರೆ ನಿಮಿಷ ಕಾಯಿಸುತ್ತೆ. ಫೆಡೋರಾ ಹಾಕೋ ಮುಂಚೆ ಹೀಗಿರಲಿಲ್ಲ.

ಗ್ರಬ್‌ಬೇಡ:
ಬೇಡ ಅಂದರೂ ಉಬುಂಟುವಿನಲ್ಲಿ ಸ್ವಾಪ್ ಪಾರ್ಟಿಷನ್ ಮಾಡಿದ್ದೀರಿ ಅನ್ಸುತ್ತೆ. ಫೆಡೋರಾ ಹಾಕುವಾಗ ಅದನ್ನು ಮತ್ತೆ ಫಾರ್ಮ್ಯಾಟ್ ಮಾಡಿದ್ದರಿಂದ ಯುಯುಐಡಿ (ಅದರ ಗುರುತಿನ ನಂಬರ್) ಬದಲಾಗಿದೆ. ಉಬುಂಟು ಹಳೆಯ ನಂಬರಿನ ಪಾರ್ಟಿಷನ್ ಬರುತ್ತೆ ಅಂತ 90 ಸೆಕೆಂಡ್ ಕಾದು ಕೈಬಿಡುತ್ತೆ. ಎಲ್‌ಎಸ್‌ಬಿಎಲ್‌ಕೆ ಕಮಾಂಡಿಗೆ ಮೈನಸ್ ಎಫ್ ಸೇರಿಸಿ ಹೊಸ ಯುಯುಐಡಿ ನೋಡಿ, ಬೂಟ್ ಆಗುವಾಗ ಮೌಂಟ್ ಮಾಡೋ ಪಾರ್ಟಿಷನ್‌ಗಳ ಪಟ್ಟಿಯಿರೋ ಎಫ್‌ಎಸ್‌ಟ್ಯಾಬ್ ಫೈಲಿನ ಸ್ವಾಪ್ ಸಾಲಿನಲ್ಲಿ ಅದನ್ನು ಹಾಕಿ. ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್ ಒಳಗಿನ ಕಾನ್ಫ್.ಡಿ ಫೋಲ್ಡರಿನಲ್ಲಿ ರಿಸ್ಯೂಮ್ ಅನ್ನೋ ಫೈಲ್ ಇದ್ದರೆ ಅಲ್ಲೂ ಬದಲಾಯಿಸಿ, ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಲೋಡ್ ಆಗೋ ಫೈಲ್) ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಮಾಡಿ. ಬರೀ ಎಫ್‌ಎಸ್‌ಟ್ಯಾಬ್ ತಿದ್ದಿ ಈ ಫೈಲ್ ಬಿಟ್ಟರೆ ಬೂಟ್ ಶುರುವಿನಲ್ಲೇ ಇನ್ನೊಂದಷ್ಟು ಹೊತ್ತು ಕಾಯಿಸುತ್ತೆ.