ಏಳು ವರ್ಷದ ಮಗುವಿಗೆ ಶುಗರ್ ಬರುತ್ತಾ? ಮಕ್ಕಳ ಡಾಕ್ಟರನ್ನು ಕೇಳಿ

ಮದ್ದೂರಿನ ತಾಯಿ: ಮೇಡಂ, ಮಗಳಿಗೆ ಏಳು ವರ್ಷ. ಒಂದು ತಿಂಗಳಿಂದ ಬರೀ ನೀರು ನೀರು ಅನ್ನುತ್ತಿದ್ದಳು. ಬೇಸಿಗೆ ಅಲ್ವಾ ಅಂತ ಸುಮ್ಮನಿದ್ದೆವು. ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು, ಫ್ರಾಕು ಸಡಿಲ ಆಯಿತು, ಅತ್ತೆ ದೃಷ್ಟಿ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಬಚ್ಚಲಲ್ಲಿ ಅವಳು ಕೂತೆದ್ದ ಜಾಗಕ್ಕೆ ಇರುವೆ ಮುತ್ತುತ್ತಿದ್ದವು, ಫಿನಾಯಿಲ್ ಹಾಕಿ ತೊಳೆದೆ ಅಷ್ಟೆ. ಮೊದಲು ತೋರಿಸಿದ ಕಡೆ ಜಂತುಹುಳದ ಔಷಧಿ ಕೊಟ್ಟು ಕಳಿಸಿದರು. ಹೋದ ವಾರ ನೋಡಿದರೆ ಶುಗರ್ 468! ಟೈಪ್ 1 ಅಂತೆ, ಜೀವನಪೂರ್ತಿ ಇನ್ಸುಲಿನ್ ಅಂತೆ. ನಮ್ಮ ಎರಡೂ ಕಡೆ ಯಾರಿಗೂ ಇಲ್ಲ. ಆಲೆಮನೆಗೆ ಹೋದಾಗಲೆಲ್ಲ ಬಿಸಿ ಬೆಲ್ಲ ತಿನ್ನಿಸುತ್ತಿದ್ದೆ, ಅದರಿಂದ ಬಂತಾ?

ಡಾಕ್ಟರ್: ಇಲ್ಲಮ್ಮ. ಬೆಲ್ಲದಿಂದಲೂ ಅಲ್ಲ, ನಿಮ್ಮಿಂದಲೂ ಅಲ್ಲ. ರೋಗದ ವಿರುದ್ಧ ಹೋರಾಡಬೇಕಾದ ಶಕ್ತಿಯೇ ದಾರಿ ತಪ್ಪಿ, ಮೇದೋಜ್ಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದು ಹಾಕುತ್ತದೆ. ಮನೆಯಲ್ಲಿ ಯಾರಿಗೂ ಇಲ್ಲದಿದ್ದರೂ ಬರುತ್ತದೆ, ಹೆಚ್ಚಿನ ಮಕ್ಕಳಿಗೆ ಹಾಗೇ ಬಂದಿರುತ್ತದೆ. ಇರುವೆ ಕಂಡಿತ್ತು ಅಂದಿರಲ್ಲ, ಮೂತ್ರದಲ್ಲಿ ಸಕ್ಕರೆ ಹೋಗುತ್ತಿತ್ತು, ಅದರ ಜೊತೆ ನೀರೂ ಹೋಗುತ್ತಿತ್ತು, ಅದಕ್ಕೇ ಅಷ್ಟು ಬಾಯಾರಿಕೆ.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಇಂಥ ಮಕ್ಕಳು ಉಳಿಯುತ್ತಿರಲಿಲ್ಲ. ನಿಮ್ಮ ಮಗಳು ಓದುತ್ತಾಳೆ, ಆಡುತ್ತಾಳೆ, ಮುದ್ದೆನೂ ತಿನ್ನುತ್ತಾಳೆ, ಲೆಕ್ಕ ಮಾತ್ರ ಇಟ್ಟುಕೊಳ್ಳಬೇಕು.

ಈಗ ನನಗೆ ಹೆದರಿಕೆ ಇನ್ಸುಲಿನ್ ಹೆಚ್ಚಾಗಿ ಶುಗರ್ ತೀರಾ ಇಳಿಯುವುದರದ್ದು. ಬೆವರು, ಕೈ ನಡುಕ, ಸುಮ್ ಸುಮ್ನೆ ಸಿಟ್ಟು ಕಂಡರೆ ಚೆಕ್ ಮಾಡಿ. 70ಕ್ಕಿಂತ ಕಮ್ಮಿ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ಸ್ಕೂಲ್ ಬ್ಯಾಗಲ್ಲಿ ಸಕ್ಕರೆ ಪೊಟ್ಟಣ ಇರಲಿ, ಟೀಚರ್‌ಗೂ ಹೇಳಿಕೊಡಿ.

ಮಳವಳ್ಳಿಯವರು: ಫ್ರಿಡ್ಜ್ ಇಲ್ಲದವರು ಇನ್ಸುಲಿನ್ ಎಲ್ಲಿಡಬೇಕು?

ಡಾಕ್ಟರ್: ಮಡಿಕೆಯಲ್ಲಿ. ದೊಡ್ಡ ಮಡಿಕೆಗೆ ಒದ್ದೆ ಮರಳು, ಒಳಗೆ ಚಿಕ್ಕ ಮಡಿಕೆ, ಅದರಲ್ಲಿ ಬಾಟಲಿ. ಫ್ರೀಜರ್‌ನಲ್ಲಿ ಮಾತ್ರ ಬೇಡ, ಗಡ್ಡೆ ಕಟ್ಟಿದರೆ ಎಸೆಯಬೇಕು.

ಪಾಂಡವಪುರದವರು: ಈಗಿನ ಬೆಲ್ಲಕ್ಕೆ ಬಣ್ಣ ತಿಳಿಯಾಗಲಿ ಅಂತ ಹೈಡ್ರೋಸ್ ಅನ್ನೋ ಕೆಮಿಕಲ್ ಸುರಿಯುತ್ತಾರೆ. ಅದಕ್ಕೇ ಮಕ್ಕಳಿಗೆ ಇದೆಲ್ಲ.

ಆಲೆಮನೆಯವರು: ಹಾಕುವವರು ಇದ್ದಾರೆ, ನಾವು ಹಾಕಲ್ಲ. ಮೇಡಂ ಬೆಲ್ಲದಿಂದ ಅಲ್ಲ ಅಂತ ಬರೆದಿದ್ದು ಓದಿದ್ರಾ?

ಪಾಂಡವಪುರದವರು: ನಿಮ್ಮ ವ್ಯಾಪಾರ ನೀವು ಬಿಟ್ಟು ಕೊಡ್ತೀರಾ!

ಆಲೆಮನೆಯವರು: ಬಂದು ಕೊಪ್ಪರಿಗೆ ಮುಂದೆ ಒಂದು ಗಂಟೆ ನಿಂತುಕೊಳ್ಳಿ, ಆಮೇಲೆ ಮಾತಾಡಿ.

ಕುವೆಂಪುನಗರದವರು: ಇನ್ಸುಲಿನ್ ಪಂಪ್‌ಗೆ ಎಷ್ಟಾಗುತ್ತೆ ಮೇಡಂ?

ನಾಗಮಂಗಲದವರು: ಫಾರ್ವರ್ಡ್ ಬಂದಿದೆ. ಬೆಂಡೆಕಾಯಿ ನೆನೆಸಿದ ನೀರು 21 ದಿನ, ಸೂಜಿ ಬಿಡಬಹುದು.

ಡಾಕ್ಟರ್: ಬಿಡಬಾರದು.

ಇನ್ನೊಬ್ಬರು: ಹಾಗಲಕಾಯಿ ರಸ? ಅಮೃತಬಳ್ಳಿ?

ಡಾಕ್ಟರ್: ಬೆಂಡೆಕಾಯಿಗೆ ಹೇಳಿದ್ದೇ ಇದಕ್ಕೂ. ಸತ್ತ ಜೀವಕೋಶ ಯಾವ ಸೊಪ್ಪಿಗೂ ಎದ್ದು ಬರಲ್ಲ. ಕಳಿಸುವವರಿಗೆ ಕೈಮುಗಿದೆ, ನಿಲ್ಲಿಸಿ.

ಶ್ರೀರಂಗಪಟ್ಟಣದ ತಂದೆ: ಮೇಡಂ, ನಮ್ಮ ಹುಡುಗನಿಗೂ ಟೈಪ್ 1. ನೆಂಟರು ಹೇಳಿದರು ಅಂತ ಮೊನ್ನೆಯಿಂದ ಇನ್ಸುಲಿನ್ ನಿಲ್ಲಿಸಿ ಕಷಾಯ ಕೊಡುತ್ತಿದ್ದೆವು. ಬೆಳಿಗ್ಗೆಯಿಂದ ವಾಂತಿ, ಹೊಟ್ಟೆನೋವು. ಗ್ಯಾಸ್ ಇರಬಹುದಾ?

ಡಾಕ್ಟರ್: ಗ್ಯಾಸ್ ಅಲ್ಲ! ಉಸಿರು ಜೋರಾಗಿ ಎಳೆಯುತ್ತಿದ್ದಾನಾ? ಬಾಯಲ್ಲಿ ಕೊಳೆತ ಹಣ್ಣಿನ ಥರ ವಾಸನೆ ಇದೆಯಾ? ಉತ್ತರ ಬರೆಯುತ್ತಾ ಕೂರಬೇಡಿ, ಈಗಲೇ ಹೊರಡಿ. ಇನ್ಸುಲಿನ್ ಇಲ್ಲದೆ ದೇಹ ಕೊಬ್ಬನ್ನು ಕರಗಿಸಿಕೊಂಡು ರಕ್ತದಲ್ಲಿ ಆಮ್ಲ ತುಂಬಿಸಿಕೊಳ್ಳುತ್ತದೆ, ಗಂಟೆಗಳ ಲೆಕ್ಕದಲ್ಲಿ ಜೀವಕ್ಕೇ ಅಪಾಯ ಬರುತ್ತದೆ.

ಪಾಂಡವಪುರದವರು: ಹೆದರಿಸಬೇಡಿ ಮೇಡಂ, ಒಂದು ಲೋಟ ಮಜ್ಜಿಗೆ ಕೊಟ್ಟು ನೋಡಲಿ.

ಡಾಕ್ಟರ್: ನೀವು ಸುಮ್ಮನಿರಿ.

ಶ್ರೀರಂಗಪಟ್ಟಣದ ತಂದೆ: ಉಸಿರು ಜೋರಾಗಿದೆ ಮೇಡಂ. ಆಟೋ ಬಂತು. ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಹೊರಟೆವು.

ಡಾಕ್ಟರ್: ಒಳಗೆ ಹೋದ ತಕ್ಷಣ "ಟೈಪ್ 1, ಎರಡು ದಿನದಿಂದ ಇನ್ಸುಲಿನ್ ಇಲ್ಲ" ಅಂತ ಮೊದಲು ಅದನ್ನೇ ಹೇಳಿ. ನಾಚಿಕೆಪಟ್ಟು ಕಷಾಯದ ವಿಷಯ ಮುಚ್ಚಿಡಬೇಡಿ. ತಲುಪಿದ ಮೇಲೆ ಒಂದು ಮಾತು ಹಾಕಿ.

ಕುವೆಂಪುನಗರದವರು: ಮೇಡಂ, ಪಂಪ್ ರೇಟ್ ಕೇಳಿದ್ದೆ.