ಒಂಬತ್ತು ವಾರದ ಮುಧೋಳ ಮರಿ, ಕಚ್ಚೋದು ಉಚ್ಚೆ ಮಾಡೋದು ನಿಲ್ತಾನೇ ಇಲ್ಲ, ಮನೇಲಿ ಎಲ್ರೂ ಹೊಡಿ ಅಂತಾರೆ

ಬೆಳ್ಳಿ_ಅಮ್ಮ:
ಎಲ್ಲರಿಗೂ ನಮಸ್ಕಾರ, ನಾವು ಮೈಸೂರಲ್ಲಿರೋದು, ಬಾಡಿಗೆ ಮನೆ, ಮೊದಲನೇ ಮಹಡಿ. ಹನ್ನೆರಡು ದಿನದ ಹಿಂದೆ ನಮ್ಮೆಜಮಾನ್ರ ಫ್ರೆಂಡ್ ಒಬ್ರು ಬಾಗಲಕೋಟೆ ಕಡೆಯಿಂದ ಮುಧೋಳ ಹೆಣ್ಣುಮರಿ ತಂದುಕೊಟ್ರು, ಹೆಸರು ಬೆಳ್ಳಿ, ಈಗ ಒಂಬತ್ತು ವಾರ. ನಾಯಿ ಸಾಕಿ ಅಭ್ಯಾಸ ನಮಗ್ಯಾರಿಗೂ ಇಲ್ಲ. ಟೆರೇಸಿಗೆ ಕರ್ಕೊಂಡು ಹೋಗಿ ಹದಿನೈದು ನಿಮಿಷ ನಿಂತ್ರೂ ಏನೂ ಮಾಡಲ್ಲ, ಇರುವೆ ನೋಡ್ಕೊಂಡು ಕೂತಿರುತ್ತೆ, ಕೆಳಗೆ ಬಂದು ಎರಡು ನಿಮಿಷಕ್ಕೆ ದೇವರಮನೆ ಬಾಗಿಲ ಹತ್ರಾನೇ ಉಚ್ಚೆ. ಅದೂ ಅಲ್ಲೇ ಯಾಕೆ ಅಂತ ಗೊತ್ತಿಲ್ಲ! ಅತ್ತೆಗೆ ಕೆಂಡದಂಥ ಕೋಪ, "ಅದರ ಮೂತಿ ಹಿಡಿದು ಉಚ್ಚೆಗೆ ಉಜ್ಜು, ನಮ್ಮೂರಲ್ಲಿ ಹಂಗೇ ಕಲಿಸ್ತಿದ್ದಿದ್ದು" ಅಂತಾರೆ. ಕಚ್ಚೋದಂತೂ ಕೇಳ್ಬೇಡಿ, ಏಳು ವರ್ಷದ ಮಗ ಓಡಿದ್ರೆ ಸಾಕು ಹಿಮ್ಮಡಿ ಹಿಡಿಯುತ್ತೆ, ಅತ್ತೆ ಸೀರೆ ಸೆರಗು ಎರಡು ಕಡೆ ಹರಿದಿದೆ, ನನ್ನ ಕೈ ನೋಡಿದ್ರೆ ಮುಳ್ಳುಬೇಲಿಗೆ ಕೈ ಹಾಕ್ದಂಗಿದೆ.

ಹೋದ ಭಾನುವಾರ ನಮ್ಮೆಜಮಾನ್ರು ಪೇಪರ್ ಸುರುಳಿ ಸುತ್ತಿ ಎರಡು ಏಟು ಕೊಟ್ರು, ಜೋರಾಗೇನಲ್ಲ. ಅವತ್ತಿಂದ ಅವರು ಹತ್ರ ಬಂದ್ರೆ ದಿವಾನ್ ಕೆಳಗೆ ಹೋಗಿ ಕೂರುತ್ತೆ, ಹೊರಗೆ ಎಳೆದ್ರೆ ಮಲಗಿ ಅಲ್ಲೇ ಉಚ್ಚೆ ಬಿಡುತ್ತೆ. ಅವರು "ನೋಡು ಬೇಕಂತಲೇ ಮಾಡುತ್ತೆ" ಅಂತಾರೆ, ನನಗೆ ಯಾಕೋ ಹೊಟ್ಟೆ ಕಿವುಚಿದಂಗಾಗುತ್ತೆ. ರಾತ್ರಿ ಹೊರಗಿನ ಪ್ಯಾಸೇಜಲ್ಲಿ ಮಲಗಿಸ್ತೀವಿ, ಅಳು ಅಂದ್ರೆ ಅಳು, ಕೆಳಗಿನ ಮನೆಯವರು ಓನರ್‌ಗೆ ಫೋನ್ ಮಾಡಿದ್ದಾರೆ. ವಾಪಸ್ ಕೊಡೋಣ ಅನ್ನೋ ಮಾತೂ ಬಂದಿದೆ. ದಯವಿಟ್ಟು ಏನಾದ್ರೂ ಹೇಳಿ.

ಮೂರ್‌ನಾಯಿ_ಮನೆ:
ಅಕ್ಕಾ ಮೊದಲು ಮೂತಿ ಉಜ್ಜೋದು ಬೇಡ್ವೇ ಬೇಡ. ಅದಕ್ಕೆ ಅರ್ಥ ಆಗೋದು "ಇಲ್ಲಿ ಮಾಡ್ಬಾರ್ದು" ಅಂತಲ್ಲ, "ಇವರ ಕಣ್ಣಿಗೆ ಬೀಳೋ ಹಂಗೆ ಮಾಡ್ಬಾರ್ದು" ಅಂತ. ಆಮೇಲೆ ನೀವು ಟೆರೇಸಲ್ಲಿ ಪಕ್ಕದಲ್ಲೇ ನಿಂತಿದ್ರೆ ಮಾಡುತ್ತಾ? ಮಾಡಲ್ಲ, ಕೆಳಗೆ ಬಂದು ಸೋಫಾ ಹಿಂದೆ ಹೋಗಿ ಮಾಡುತ್ತೆ. ನನ್ನ ಮೊದಲನೇ ನಾಯಿಗೆ ನಾನೇ ಈ ತಪ್ಪು ಮಾಡಿ ಎಂಟು ತಿಂಗಳು ಅನುಭವಿಸಿದ್ದೀನಿ.

ಎರಡು ತಿಂಗಳ ಮರಿ ಎಚ್ಚರ ಇದ್ದಾಗ ಹೆಚ್ಚಂದ್ರೆ ಎರಡು ಗಂಟೆ ತಡ್ಕೊಳ್ಳುತ್ತೆ, ಆಟ ಆಡ್ತಿದ್ರೆ ಅರ್ಧ ಗಂಟೆಗೇ ಬರುತ್ತೆ. ಟೈಮ್ ಟೇಬಲ್ ಅದೇ ಹೇಳುತ್ತೆ ನೋಡಿ, ನಿದ್ದೆಯಿಂದ ಎದ್ದ ತಕ್ಷಣ, ಊಟ ಆಗಿ ಹತ್ತು ಹದಿನೈದು ನಿಮಿಷಕ್ಕೆ, ಆಟ ಮುಗಿದ ಮೇಲೆ, ಮತ್ತೆ ನೆಲ ಮೂಸ್ಕೊಂಡು ಸುತ್ತು ಹೊಡೆಯೋಕೆ ಶುರು ಮಾಡಿದಾಗ. ಆಗ ನಡೆಸ್ಕೊಂಡು ಹೋಗ್ಬೇಡಿ, ಎತ್ಕೊಂಡೇ ಹೋಗಿ, ಮೆಟ್ಟಿಲಲ್ಲೇ ಆಗೋಗುತ್ತೆ ಇಲ್ಲಾಂದ್ರೆ. ಮೇಲೆ ಹೋಗಿ ಒಂದೇ ಮೂಲೇಲಿ ಬಿಟ್ಟು ಸುಮ್ನೆ ನಿಂತ್ಕೊಳ್ಳಿ, ಫೋನ್ ನೋಡ್ಬೇಡಿ ಮಾತಾಡಿಸ್ಬೇಡಿ. ಮಾಡಿ ಮುಗಿಸಿದ ಆ ಕ್ಷಣಕ್ಕೇ ತಿನ್ನೋಕೆ ಏನಾದ್ರೂ ಚೂರು ಬಾಯಿಗೆ ಹೋಗ್ಬೇಕು, ಕೆಳಗೆ ಬಂದು ಡಬ್ಬ ತೆಗೆದು ಕೊಟ್ರೆ ಅದು ಮೆಟ್ಟಿಲಿಳಿದಿದ್ದಕ್ಕೆ ಬಹುಮಾನ ಅಂದ್ಕೊಳ್ಳುತ್ತೆ. ಏನೂ ಮಾಡ್ಲಿಲ್ವಾ, ಕೆಳಗೆ ತಂದು ಮಡಿಲಲ್ಲಿ ಇಟ್ಕೊಂಡು ಹತ್ತು ನಿಮಿಷಕ್ಕೆ ಮತ್ತೆ ಮೇಲೆ. ನೆಲಕ್ಕೆ ಮಾತ್ರ ಬಿಡಬೇಡಿ.

ದೇವರಮನೆ ಹತ್ರಾನೇ ಯಾಕೆ ಅಂದ್ರೆ ಅಲ್ಲಿ ಹಳೇ ವಾಸನೆ ಉಳಿದಿದೆ ಅಷ್ಟೇ, ದೇವರ ಮೇಲೇನೂ ದ್ವೇಷ ಇಲ್ಲ :) ಫಿನಾಯಿಲ್ ಹಾಕಿದ್ರೆ ನಮ್ಮ ಮೂಗಿಗೆ ಹೋಯ್ತು ಅನ್ಸುತ್ತೆ, ಅದರ ಮೂಗಿಗಲ್ಲ. ಜೊತೆಗೆ ಮರಿ ನೆಲ ನೆಕ್ಕುತ್ತಲ್ವಾ, ಫಿನಾಯಿಲ್ ಒಳ್ಳೇದಲ್ಲ. ಪೆಟ್ ಶಾಪಲ್ಲಿ ಉಚ್ಚೆ ವಾಸನೆ ಬುಡದಿಂದ ತೆಗೆಯೋ ಎನ್ಜೈಮ್ ಕ್ಲೀನರ್ ಸಿಗುತ್ತೆ, ಇಲ್ಲಾಂದ್ರೆ ಸದ್ಯಕ್ಕೆ ವಿನೆಗರ್ ನೀರು ಅರ್ಧರ್ಧ.

ತೋಟದ_ಗೌಡ್ರು:
ಏನಪ್ಪ ಇದು, ಮಗು ಸಾಕೋದಕ್ಕಿಂತ ಜಾಸ್ತಿ ಆಯ್ತಲ್ಲ. ನಮ್ಮ ತೋಟದಲ್ಲಿ ಮೂವತ್ತು ವರ್ಷದಿಂದ ನಾಯಿ ಇದೆ, ಯಾವನೂ ಟ್ರೀಟ್ ಕೊಟ್ಟಿಲ್ಲ, ತಪ್ಪು ಮಾಡಿದ್ರೆ ಒಂದು ಏಟು, ಸರಿ ಹೋಗುತ್ತೆ. ಭಯ ಇದ್ರೇನೇ ಭಕ್ತಿ.

ಘಟಪ್ರಭಾ_ದಂಡಿ:
ಗೌಡ್ರ, ನಿಮ್ಮ ತ್ವಾಟದ ನಾಯಿಗೆ ಹತ್ತೆಕರೆ ಐತ್ರಿ, ಉಚ್ಚಿ ಎಲ್ಲಿ ಹೊಯ್ದ್ರೂ ಯಾರ್ ಕೇಳ್ತಾರ? ಏಟಿನಿಂದ ಕಲಿತಿದ್ದಲ್ಲ ಅದು, ಜಾಗ ಇತ್ತು ಅದಕ್ಕ ಪ್ರಾಬ್ಲಮ್ಮ ಬರ್ಲಿಲ್ಲ. ಸಿಟ್ಟಾಗಬ್ಯಾಡ್ರಿ ಮತ್ತ.

ತಂಗಿ, ನಮ್ಮ ಮನಿಯೊಳಗ ನಮ್ಮಜ್ಜನ ಕಾಲದಿಂದ ಈ ಬ್ಯಾಟಿ ನಾಯಿ ಅದಾವು, ಅದಕ್ಕ ಸ್ವಲ್ಪ ಉದ್ದ ಬರೀತೀನಿ. ಜನಾ ಏನ್ ತಿಳ್ಕೊಂಡಾರ ಅಂದ್ರ ಮುಧೋಳ ನಾಯಿ ಅಂದ್ರ ಭಾಳ ಗಡಸು, 2005ರಾಗ ಅಂಚೆ ಚೀಟಿ ಮ್ಯಾಲೆ ಬಂತು, 2016ರಾಗ ಮೀರತ್‌ಗೆ ಮಿಲಿಟರಿ ಟ್ರೇನಿಂಗಿಗೆ ಮರಿ ಹೋದವು, ಅಂಥಾ ನಾಯಿಗೆ ಎರಡೇಟು ಏನ್ ಲೆಕ್ಕ ಅಂತ. ಖರೇ ಹೇಳ್ಬೇಕಂದ್ರ ಇದರಷ್ಟು ಮನಸಿಗೆ ಹಚ್ಗೊಳ್ಳೋ ಜಾತಿ ನಾ ಕಂಡಿಲ್ಲ. ಮ್ಯಾಲಿಂದ ಕೈ ತಂದು ತಲಿ ಮುಟ್ಟಿದ್ರೂ ದೊಡ್ಡ ನಾಯಿನ ಸರಕೊಂತಾವು. ಒಮ್ಮೆ ಅಂಜಿದ್ರ ಆ ಅಂಜಿಕಿ ತೆಗಿಯೂದು ತಿಂಗಳಗಟ್ಲೆ ಕೆಲಸ. ನಿಮ್ಮ ಯಜಮಾನ್ರ ಮುಂದ ಮಲಗಿ ಉಚ್ಚಿ ಬಿಡೂದು ಹಟ ಅಲ್ಲವಾ, ಅದು "ನಾ ಸಣ್ಣಾಕಿ, ಬಿಟ್ಬಿಡ್ರಿ" ಅಂತ ಮರಿ ಭಾಷಾದಾಗ ಕೈ ಮುಗದಂಗ. ಅದಕ್ಕ ಮತ್ತ ಬೈದ್ರ ಮತ್ತೂ ಜಾಸ್ತಿ ಆಕ್ಕೈತಿ.

ಅವರಿಗೆ ಒಂದ್ ಕೆಲಸ ಹೇಳ್ರಿ. ದಿನಾ ಸಂಜಿಮುಂದ ದಿವಾನದಿಂದ ಐದಾರ್ ಅಡಿ ದೂರ ನೆಲದ ಮ್ಯಾಲೆ ಕುಂಡ್ರಲಿ, ಮರಿ ಕಡೆ ಬೆನ್ನ ಮಾಡಿ. ಕರೀಬಾರ್ದು, ನೋಡಬಾರ್ದು. ಕುದಿಸಿದ ಕೋಳಿ ಚೂರ ಇಲ್ಲಾ ರೊಟ್ಟಿ ಚೂರ ಬಾಜೂಕ ಒಗೀಲಿ. ಮೊದಲ ದಿನ ಬರಂಗಿಲ್ಲ. ಬರ್ಲಿಲ್ಲಂತ ಎಳೀಬಾರ್ದು, ಎದ್ದು ಹೋಗಿಬಿಡ್ಬೇಕು. ತಾನಾಗೇ ಬಂದು ಕೈ ಮೂಸಿದ ದಿನ ಎದಿ ಕೆಳಗ ತುರಸ್ರಿ, ತಲಿ ಮ್ಯಾಲೆ ಬ್ಯಾಡ.

ಇನ್ನ ಕಚ್ಚೂದು. ಹಾಲಹಲ್ಲು ಇಪ್ಪತ್ತೆಂಟು ಅದಾವು, ಸೂಜಿ ಇದ್ದಂಗ. ನಾಕ ತಿಂಗಳಕ್ಕ ಉದುರಾಕ ಶುರು ಆಗಿ ಆರೇಳು ತಿಂಗಳಿಗೆ ನಲವತ್ತೆರಡು ಹೊಸಾ ಹಲ್ಲು ಬಂದಿರ್ತಾವು, ಅಲ್ಲಿತನಕ ಬಾಯಿ ಸುಮ್ನ ಇರಂಗಿಲ್ಲ. ಎಷ್ಟು ಜೋರ ಕಚ್ಚಿದ್ರ ನೋವಾಕ್ಕೈತಿ ಅನ್ನೂದು ಮರಿ ಕಲಿಯೂದು ತನ್ನ ಅಕ್ಕ ತಮ್ಮಂದಿರ ಜೋಡಿ ಆಡಿ, ಅವು ಕುಂಯ್ ಅಂದು ಆಟ ಬಿಟ್ಟು ಹೋಗ್ತಾವಲ್ಲ, ಹಂಗ. ನಿಮ್ದು ಏಳು ವಾರಕ್ಕ ಮನಿ ಬಿಟ್ಟು ಬಂದೈತಿ, ಆ ಪಾಠ ಅರ್ಧಕ್ಕ ನಿಂತೈತಿ. ಈಗ ನೀವ ಮುಗಿಸ್ಬೇಕು. ಹಲ್ಲು ತಾಗಿದ ಕೂಡ್ಲೆ ಆಟ ಬಂದ್, ಎದ್ದು ಬಾಗಿಲ ಆಚಿ ಹೋಗಿ ಅರ್ಧ ನಿಮಿಷ ಬಿಟ್ಟು ಬರ್ರಿ. ಕೈ ಜಗ್ಗಿ ಚೀರಬ್ಯಾಡ್ರಿ, ಅದಕ್ಕ ಅದೂ ಆಟಾನ. ಹಳೇ ಟವೆಲ್ ಗಂಟು ಕಟ್ಟಿ ನೀರಾಗ ಅದ್ದಿ ಫ್ರೀಜರದಾಗ ಇಟ್ಟು ಕೊಡ್ರಿ, ವಸಡಿಗೆ ತಂಪ ಹತ್ತತೈತಿ. ಮತ್ತ ಮಗನಿಗೆ ಮನಿಯೊಳಗ ಓಡಬ್ಯಾಡ ಅನ್ರಿ. ಮೊಲಾ ಹಿಡಿಯೂ ಜಾತಿ ಮುಂದ ಓಡಿದ್ರ ಅದು ಸುಮ್ನ ಕುಂಡ್ರಬೇಕಂದ್ರ ಹೆಂಗ್ರಿ? ಅಂವಾ ಗಿಡದಂಗ ನಿಂತ್ರ ಸಾಕು.

ಬೆಳ್ಳಿ_ಅಮ್ಮ:
ಅಣ್ಣಾ ಓದಿ ಕಣ್ಣಲ್ಲಿ ನೀರು ಬಂತು, ನಮ್ಮೆಜಮಾನ್ರಿಗೂ ಓದಿಸ್ದೆ, ಏನೂ ಮಾತಾಡ್ಲಿಲ್ಲ, ಆಮೇಲೆ ಕೇಳಿದ್ರು "ಬೆನ್ನು ಮಾಡಿ ಎಷ್ಟೊತ್ತು ಕೂರ್ಬೇಕಂತೆ" ಅಂತ. ರಾತ್ರಿ ಅಳೋದಕ್ಕೆ ಏನ್ ಮಾಡೋದು? ಮತ್ತೆ ವ್ಯಾಕ್ಸಿನ್ ಒಂದೇ ಆಗಿದೆ, ಪಾರ್ಕಿಗೆ ಕರ್ಕೊಂಡು ಹೋಗಿ ಬೇರೆ ನಾಯಿಗಳ ಜೊತೆ ಬಿಟ್ರೆ ಧೈರ್ಯ ಬರುತ್ತೆ ಅಂತ ಪಕ್ಕದ ಮನೆಯವರು ಹೇಳ್ತಿದ್ದಾರೆ.

ಕ್ಲಿನಿಕ್_ಹುಡುಗಿ:
ಪಾರ್ಕ್ ಈಗಲೇ ಬೇಡ ಮೇಡಂ!! ನಾನು ಡಾಕ್ಟರ್ ಅಲ್ಲ, ಪೆಟ್ ಕ್ಲಿನಿಕ್‌ನಲ್ಲಿ ಆರು ವರ್ಷದಿಂದ ಕೆಲಸ ಮಾಡ್ತಿದ್ದೀನಿ, ಪಾರ್ವೋ (ಮರಿಗಳಿಗೆ ವಾಂತಿ ಭೇದಿ ತರೋ ವೈರಸ್ ಕಾಯಿಲೆ) ಬಂದು ಡ್ರಿಪ್ ಹಾಕಿಸ್ಕೊಂಡು ಮಲಗಿರೋ ಮರಿಗಳನ್ನ ನೋಡಿ ನೋಡಿ ಸಾಕಾಗಿದೆ. ಆ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಇರುತ್ತೆ, ನಾಯಿ ಮುಖ ನೋಡ್ಬೇಕಂತಿಲ್ಲ, ಅದು ಹೇಲು ಹಾಕಿದ ಜಾಗ ಮೂಸಿದ್ರೂ ಸಾಕು. ಮೊದಲನೇ ವ್ಯಾಕ್ಸಿನ್ ಆರರಿಂದ ಎಂಟು ವಾರದೊಳಗೆ ಆಗಿದ್ರೆ ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದ ತನಕ ಬೂಸ್ಟರ್ ಇರುತ್ತೆ, ಮೂರು ತಿಂಗಳಿಗೆ ರೇಬಿಸ್. ನಿಮ್ಮ ಡಾಕ್ಟರ್ ಕಾರ್ಡಲ್ಲಿ ಬರೆದ ತಾರೀಖು ತಪ್ಪಿಸ್ಬೇಡಿ, ಜಂತುಹುಳದ ಔಷಧೀನೂ ಕೇಳಿ.

ಆದ್ರೆ ಅಲ್ಲಿವರೆಗೂ ನಾಲ್ಕು ಗೋಡೆ ಮಧ್ಯೆ ಇಟ್ರೆ ಅದೂ ತಪ್ಪು, ಯಾಕಂದ್ರೆ ಮರಿಗೆ ಹೊಸದನ್ನ ಹೆದರದೇ ಒಪ್ಕೊಳ್ಳೋ ವಯಸ್ಸು ಹೆಚ್ಚುಕಮ್ಮಿ ಮೂರೂವರೆ ತಿಂಗಳಿಗೆ ಮುಗಿದೇ ಹೋಗುತ್ತೆ. ಅದಕ್ಕೆ ಎತ್ಕೊಂಡು ಹೋಗಿ, ನೆಲಕ್ಕೆ ಬಿಡದೆ. ಗೇಟ್ ಹತ್ರ ನಿಂತು ಆಟೋ, ಹೆಲ್ಮೆಟ್ ಹಾಕಿದವರು, ತರಕಾರಿ ಗಾಡಿಯವರ ಕೂಗು, ಛತ್ರಿ ಬಿಡಿಸೋದು ಎಲ್ಲ ತೋರ್ಸಿ, ಹೆದರಿದ್ರೆ ಮುಂದೆ ತಳ್ಳಬೇಡಿ, ಎರಡು ಹೆಜ್ಜೆ ಹಿಂದೆ ಬನ್ನಿ. ಕುಕ್ಕರ್ ಸೀಟಿ ಹೊಡೆದಾಗ ಒಂದು ಚೂರು ತಿಂಡಿ. ದೀಪಾವಳಿಗೆ ಇದರ ಬೆಲೆ ಗೊತ್ತಾಗುತ್ತೆ.

ರಾತ್ರಿ ಅಳೋದು ಹಟಕ್ಕಲ್ಲ ಪಾಪ, ಮೊನ್ನೆವರೆಗೂ ಅಮ್ಮನ ಹೊಟ್ಟೆಗೆ ಅಂಟ್ಕೊಂಡು ಮಲಗ್ತಿತ್ತು. ಪ್ಯಾಸೇಜ್ ಬೇಡ, ನಿಮ್ಮ ಮಂಚದ ಪಕ್ಕ ಒಂದು ದೊಡ್ಡ ರಟ್ಟಿನ ಡಬ್ಬದಲ್ಲಿ ನೀವು ಉಟ್ಟು ಬಿಟ್ಟ ಹಳೇ ಕಾಟನ್ ಸೀರೆ ಹಾಕಿ ಮಲಗಿಸಿ. ಅತ್ತಾಗ ಕೈ ಇಳಿಬಿಟ್ರೆ ಸಾಕು. ಮಧ್ಯರಾತ್ರಿ ಒಂದ್ಸಲ ಎದ್ದು ಟೆರೇಸ್, ದೀಪ ಮಾತು ಆಟ ಏನೂ ಇಲ್ಲದೆ, ವಾಪಸ್ ಮಲಗು. ಮರಿ ದಿನಕ್ಕೆ ಹದಿನೆಂಟು ಗಂಟೆ ನಿದ್ದೆ ಮಾಡ್ಬೇಕು, ಸಂಜೆ ಹುಚ್ಚು ಹಿಡಿದಂಗೆ ಕಚ್ಚೋ ಮರಿಗಳಲ್ಲಿ ಅರ್ಧಕ್ಕರ್ಧ ನಿದ್ದೆಗೆಟ್ಟ ಮರಿಗಳೇ. ಹಸುವಿನ ಹಾಲು ಕೊಡ್ತಿದ್ರೆ ನಿಲ್ಸಿ, ಭೇದಿ ಆಗುತ್ತೆ. ಈರುಳ್ಳಿ ಹಾಕಿದ ಸಾರು, ದ್ರಾಕ್ಷಿ, ಚಾಕ್ಲೇಟ್ ಯಾವ್ದೂ ಬೇಡ.

ತೋಟದ_ಗೌಡ್ರು:
ದಂಡಿಯವರೇ ಹತ್ತೆಕರೆ ಅಲ್ಲ, ಆರೆಕರೆ. ಆದ್ರೆ ಮಾತು ಸರಿ ಇದೆ. ನಮ್ಮ ಕರಿಯ ಈಗ್ಲೂ ಕೋಲು ಹಿಡಿದವರನ್ನ ಕಂಡ್ರೆ ಹತ್ರ ಬರಲ್ಲ, ನಾನು ಊರುಗೋಲು ಹಿಡಿಯೋಕೆ ಶುರು ಮಾಡಿ ಎರಡು ವರ್ಷ ಆಯ್ತು.

ಬೆಳ್ಳಿ_ಅಮ್ಮ:
ಆರು ವಾರ ಆದ್ಮೇಲೆ ಬರೀತಿದ್ದೀನಿ, ಬೈಬೇಡಿ. ಬೆಳ್ಳಿ ನಮ್ಮನೇಲೇ ಇದ್ದಾಳೆ. ಮಂಚದ ಪಕ್ಕ ಡಬ್ಬ ಇಟ್ಟ ಮೂರನೇ ರಾತ್ರಿಯಿಂದ ಅಳು ನಿಂತಿದೆ, ಡಬ್ಬ ಈಗ ಅವಳೇ ತಿಂದು ಮುಗಿಸಿದ್ದಾಳೆ. ಉಚ್ಚೆ ಒಳಗೆ ವಾರಕ್ಕೆ ಒಂದೋ ಎರಡೋ, ಅದೂ ನೆಂಟರು ಬಂದು ಗಲಾಟೆ ಆದಾಗ. ಅತ್ತೆ ಮೂಗು ಉಜ್ಜೋ ಮಾತು ಬಿಟ್ಟು ಈಗ ಬೆಳ್ಳಿ ನೆಲ ಮೂಸೋಕೆ ಶುರು ಮಾಡಿದ್ರೆ ನನಗಿಂತ ಮೊದಲು "ಏಯ್ ಎತ್ಕೊಳ್ಳೇ, ಎತ್ಕೊಳ್ಳೇ" ಅಂತ ಕೂಗ್ತಾರೆ. ಮೊನ್ನೆ ಮುಂದಿನ ಹಲ್ಲು ಒಂದು ಬಿದ್ದಿತ್ತು, ಮಗ ಕಂಪಾಸ್ ಬಾಕ್ಸಲ್ಲಿ ಇಟ್ಕೊಂಡಿದ್ದಾನೆ. ಕಚ್ಚೋದು ಪೂರ್ತಿ ನಿಂತಿಲ್ಲ, ನೋವಾಗೋ ಹಂಗೆ ಕಚ್ಚೋದು ನಿಂತಿದೆ.

ನಮ್ಮೆಜಮಾನ್ರು ಹತ್ತೊಂಬತ್ತು ದಿನ ಬೆನ್ನು ಮಾಡಿ ಕೂತ್ರು, ನಾನು ಎಣಿಸಿದ್ದೀನಿ. ಇಪ್ಪತ್ತನೇ ದಿನ ಬಂದು ಅವರ ಲುಂಗಿ ತುದಿ ಮೂಸಿದ್ಲು. ಈಗ ಅವರ ಕಾಲ ಮೇಲೇ ಮಲಗ್ತಾಳೆ. ಆದ್ರೆ ಬೆಳಿಗ್ಗೆ ಪೇಪರ್ ಮಡಚೋ ಸದ್ದು ಬಂದ್ರೆ ಈಗ್ಲೂ ಕಿವಿ ಹಿಂದಕ್ಕೆ ಹೋಗಿ ಎದ್ದು ಹೊರಟುಬಿಡ್ತಾಳೆ, ಅವರು ಪೇಪರ್ ಓದೋದೇ ಬಿಟ್ಟು ಮೊಬೈಲಲ್ಲಿ ನೋಡ್ತಿದ್ದಾರೆ. ಅದಕ್ಕೇನಾದ್ರೂ ದಾರಿ ಇದ್ಯಾ ಅಣ್ಣಾ?

ಘಟಪ್ರಭಾ_ದಂಡಿ:
ಐತಿ. ಪೇಪರ್ ಓದೂದು ಬಿಡಬ್ಯಾಡ ಅನ್ರಿ. ನಾಳಿಂದ ಅಕಿ ಊಟದ ತಾಟಿನ ಕೆಳಗ ಒಂದು ಹಾಳಿ ಹಾಸ್ರಿ, ಅಗಲ ಮಾಡಿ. ವಾರ ಬಿಟ್ಟು ಅದರ ಮ್ಯಾಲೆ ಕೋಳಿ ಚೂರ ಇಡ್ರಿ, ಆಮ್ಯಾಲೆ ಸ್ವಲ್ಪ ಸ್ವಲ್ಪ ಸಪ್ಪಳ ಮಾಡಿ ಕೊಡ್ರಿ. ಸುರುಳಿ ಮಾತ್ರ ಸದ್ಯಕ್ಕ ಸುತ್ತಬ್ಯಾಡ್ರಿ.